ನಾಲ್ಕು ಅಗಸಿಗಳ ಊರು

ನಮ್ಮ ಕಡೆಗೆ ಅಗಸಿಯಿಲ್ಲದ ಹಳ್ಳಿ ಹಳ್ಳಿಯೆನಿಸಿಕೊಳ್ಳದು. ಸಂಜೆಯ ಹೊತ್ತು ಅಗಸಿಯ ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರು ಕುಳಿತಿರಬೇಕು. ಊರೊಳಗೆ ಯಾರು ಬಂದರು, ಯಾರು ಹೋದರು ಎಂಬುದರ ಲೆಕ್ಕ ಅವರ ಬಾಯಲ್ಲಿರಬೇಕು. ವಿಜಯಪುರವಂತೂ ದರವಾಜೆಗಳ ಪಟ್ಟಣ. ಒಂದನೆಯ ಅಲಿ ಆದಿಲಶಹನು ೧೫೬೫ರಲ್ಲಿ ಮುಗಿಸಿದನೆನ್ನುವ ಕೋಟೆಗೋಡೆಗೆ ೯೬ ಕೊತ್ತಳಗಳು, ೫ ಮುಖ್ಯ ದರವಾಜೆಗಳು. ಮೆಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ, ಫತೇ ಎಂದು ಅವುಗಳ ಹೆಸರನ್ನು ಇಲ್ಲಿನ ಟಾಂಗಾದವರೂ ಹೇಳಬಲ್ಲರು. ಆದರೆ ನಾನು ಇಂದು ಹೇಳಹೊರಟಿರುವುದು ಅಲಸಂದಿ ಕಾಯಿಯ ತುಂಡಿನಷ್ಟಿರುವ ಒಂದು ಊರಿನ ಕಥೆ. ಅದಕ್ಕೆ ಕಾಲು ೧೪, ಅಗಸಿ ನಾಲ್ಕು. ಅದನ್ನು ಕಟ್ಟಿದವರಿಗೆ ಕಲ್ಲಾಗಲಿ ಗಾರೆಯಾಗಲಿ ಬೇಕಾಗಲಿಲ್ಲ.

ಕಳೆದ ವರ್ಷ ಶ್ರಾವಣದ ಒಂದು ಮಧ್ಯಾಹ್ನ ಬಿ.ಎಸ್‌ಸಿ. ತರಗತಿಯ ಇಬ್ಬರು ವಿದ್ಯಾರ್ಥಿಗಳು ನನ್ನ ಕೋಣೆಗೆ ಬಂದರು. ಒಬ್ಬ ತಿಕೋಟಾದ ಹುಡುಗ, ಒಬ್ಬಳು ಬಬಲೇಶ್ವರದ ಹುಡುಗಿ. ಅವರ ವಿಷಯ ಇಲೆಕ್ಟ್ರಾನಿಕ್ಸು. ನನಗೂ ಅವರಿಗೂ ಇರುವ ಸಂಬಂಧವೆಂದರೆ ವಾರಕ್ಕೆ ನಾಲ್ಕು ತಾಸು ಕನ್ನಡದ ಪಾಠ. ಕೈಯಲ್ಲಿ ಒಂದು ಚಿಕ್ಕ ಹಲಗೆ, ಅದರ ಮೇಲೆ ಕೆಂಪು-ಹಳದಿ ತಂತಿಗಳ ಜಡೆ, ನಡುವೆ ಕರಿಯ ಜಿರಲೆಯಂಥದೊಂದು ವಸ್ತು. ಕಾಲೇಜಿನ ವಸ್ತುಪ್ರದರ್ಶನಕ್ಕೆ ಊರವರು, ರೈತರು ಬರುತ್ತಾರೆ. ಆದ್ದರಿಂದ ಗೋಡೆಗೆ ಹಚ್ಚುವ ವಿವರಣೆ ಕನ್ನಡದಲ್ಲಿರಬೇಕೆಂದು ಅವರ ಅಧ್ಯಾಪಕರು ಹೇಳಿದ್ದರಂತೆ.

“ಸರ್, ಇದು ಕ್ವಾಡ್ ಟೂ ಇನ್‌ಪುಟ್ ನ್ಯಾಂಡ್ ಗೇಟ್ ಐಸಿ ಐತ್ರಿ. ಇದಕ್ಕ ಕನ್ನಡದಾಗ ಏನಂತಾರ್ರಿ?”

ನಾನು ನಿಘಂಟು ತೆರೆದೆ. ಗೇಟಿಗೆ ‘ತರ್ಕದ್ವಾರ’ ಎಂದು ಸಿಕ್ಕಿತು. ಶಬ್ದಕ್ಕೆ ದೋಷವಿಲ್ಲ. ಆದರೆ ಹುಡುಗಿ ಮುಖ ಸಣ್ಣದು ಮಾಡಿ, “ದ್ವಾರ ಅಂದ್ರ ಗುಡಿ ಬಾಗಲಾ ನೆನಪಾಗ್ತೈತ್ರಿ ಸರ್,” ಎಂದಳು. ತಿಕೋಟಾದವನು ಮಾತ್ರ ತಡಮಾಡಲಿಲ್ಲ. “ನಮ್ಮೂರಾಗ ಗೇಟಿಗೆ ಅಗಸಿ ಅಂತೀವಲ್ರಿ?” ಎಂದ. ನಾಲ್ವತ್ತು ದಾಟಿದ ಎಂ.ಎ. ಪದವೀಧರನಿಗೆ ಹೊಳೆಯದಿದ್ದ ಮಾತು ಅದು.

ಇಲ್ಲಿ ನನ್ನದೊಂದು ಹಳೆಯ ಕಥೆಯನ್ನು ವಾಚಕರು ಸಹಿಸಿಕೊಳ್ಳಬೇಕು. ನಾನು ಹುಟ್ಟು ಕನ್ನಡ ಮೇಷ್ಟರಲ್ಲ. ಬಬಲೇಶ್ವರದಲ್ಲಿ ನಾನು ಶಾಲೆ ಕಲಿಯುತ್ತಿದ್ದ ದಿನಗಳಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬರು ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರ ಅಂಗಡಿಯ ರಾಳದ ಹೊಗೆಯ ವಾಸನೆಗೆ ನಾನು ಮನಸೋತವನು. ಕಡ್ಡಿಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿಸಿಟ್ಟಿದ್ದ ಇಂಥದೇ ಕರಿಯ ಚಿಪ್ಪನ್ನು ತೋರಿಸಿ, “ಇದರಾಗ ನಾಕು ಮಂದಿ ಕುಂತು ಪಂಚಾಯ್ತಿ ಮಾಡ್ತಾರ ನೋಡೋ ತಮ್ಮಾ,” ಎನ್ನುತ್ತಿದ್ದರು. ಆ ಪಂಚಾಯಿತಿಯನ್ನು ನೋಡಬೇಕೆಂದೇ ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡೆ. ಮೂರನೆಯ ತಿಂಗಳಿಗೆ ಬಿಟ್ಟೆ. ಗಣಿತ ತೊಡಕಾಗಿರಲಿಲ್ಲ, ತರಗತಿಯಲ್ಲಿ ನನ್ನ ಇಂಗ್ಲಿಷ್ ಕೇಳಿ ಒಬ್ಬ ಅಧ್ಯಾಪಕರು ನಕ್ಕರು, ಅವರೊಡನೆ ಅರವತ್ತು ಜನ ನಕ್ಕರು. ಮರುವಾರ ನಾನು ಕಲಾ ವಿಭಾಗದ ಬೆಂಚಿನ ಮೇಲಿದ್ದೆ. ಅಲ್ಲಿ ಸಿಕ್ಕಿದ ಪಂಪ, ಕುಮಾರವ್ಯಾಸರ ಸಹವಾಸಕ್ಕೆ ನಾನೆಂದೂ ಮರುಗಿಲ್ಲ. ಆದರೂ ಆ ಹಲಗೆಯನ್ನು ಮೇಜಿನ ಮೇಲೆ ಕಂಡಾಗ ಎದೆಯಲ್ಲಿ ಏನೋ ಅಳ್ಳಾಡಿತು. ತಿಕೋಟಾದ ಹುಡುಗನೂ ಮೊದಲನೆಯ ಸೆಮಿಸ್ಟರಿನಲ್ಲಿ ಇದೇ ವಿಷಯದಲ್ಲಿ ನಪಾಸಾಗಿ, ಕೋರ್ಸು ಬಿಟ್ಟು ದ್ರಾಕ್ಷಿ ಪಡದ ಕೆಲಸಕ್ಕೆ ಹೋಗುವ ಮಾತಾಡುತ್ತಿದ್ದನೆಂದು ಹುಡುಗಿ ಆಮೇಲೆ ಹೇಳಿದಳು.

ಈಗ ಅಗಸಿಯ ವಿಚಾರ. ಒಂದೊಂದು ಅಗಸಿಗೂ ಇಬ್ಬರು ಕಾವಲುಗಾರರು. ನ್ಯಾಂಡ್ ಎಂಬ ಜಾತಿಯ ಅಗಸಿಯ ನಿಯಮ ಬಲು ವಿಚಿತ್ರ: ಇಬ್ಬರೂ ಹಾಜರಿದ್ದರೆ ಮಾತ್ರ ಬಾಗಿಲು ಮುಚ್ಚಿರುತ್ತದೆ, ಒಬ್ಬನು ರೊಟ್ಟಿ ತಿನ್ನಲು ಹೋದರೂ ತೆರೆದುಬಿಡುತ್ತದೆ. ಇಷ್ಟೇ ಅದರ ಬುದ್ಧಿ. ಇಬ್ಬರ ಜಾಗದಲ್ಲಿ ಒಬ್ಬನನ್ನೇ ನಿಲ್ಲಿಸಿದರೆ, ಅಂದರೆ ಎರಡು ಕಾಲುಗಳನ್ನು ಒಂದೇ ತಂತಿಗೆ ಕಟ್ಟಿದರೆ, ಅವನು ‘ಇದೆ’ ಎಂದಾಗ ಅಗಸಿ ‘ಇಲ್ಲ’ ಎನ್ನುತ್ತದೆ, ‘ಇಲ್ಲ’ ಎಂದಾಗ ‘ಇದೆ’ ಎನ್ನುತ್ತದೆ. ಇಂಥ ಎದುರುತ್ತರದ ಅಗಸಿಯೊಂದನ್ನು ನ್ಯಾಂಡಿನ ಮುಂದೆ ನಿಲ್ಲಿಸಿದರೆ ‘ಇದೂ ಅದೂ’ ಎಂಬ ಕೂಡಿಕೆ ಸಿದ್ಧವಾಗುತ್ತದೆ. ಎರಡನ್ನು ಹಿಂದೆ ನಿಲ್ಲಿಸಿದರೆ ‘ಇದಾದರೂ ಅದಾದರೂ’ ಎಂಬುದು. ಈ ಒಂದೇ ಕ್ರಿಯೆಯಿಂದ ತರ್ಕದ ಬೇರೆಲ್ಲ ಕ್ರಿಯೆಗಳನ್ನೂ ಕಟ್ಟಬಹುದೆಂದು ಹೆನ್ರಿ ಶೆಫರ್ ಎಂಬಾತ ೧೯೧೩ರಲ್ಲಿ ತೋರಿಸಿಕೊಟ್ಟ. ಆಗ ಅದು ಕಾಗದದ ಮೇಲಿನ ಕೌತುಕವಾಗಿತ್ತೇ ಹೊರತು ಅದರಿಂದ ಯಾರ ಮನೆಯ ದೀಪವೂ ಹತ್ತುತ್ತಿರಲಿಲ್ಲ.

ಕಾಗದದ ಕಥೆ ಅದಕ್ಕೂ ಹಿಂದಿನದು. ಇಂಗ್ಲೆಂಡಿನ ಲಿಂಕನ್ ಊರಿನ ಒಬ್ಬ ಚಮ್ಮಾರನ ಮಗ ಜಾರ್ಜ್ ಬೂಲ್, ೧೮೧೫ರಲ್ಲಿ ಹುಟ್ಟಿದವನು. ಕಾಲೇಜಿನ ಮೆಟ್ಟಿಲು ಹತ್ತದೆ ತಾನೇ ಓದಿ ಗಣಿತಜ್ಞನಾದ. ೧೮೪೯ರಲ್ಲಿ ಐರ್ಲೆಂಡಿನ ಕಾರ್ಕ್ ಕಾಲೇಜಿನಲ್ಲಿ ಪ್ರಾಧ್ಯಾಪಕನೂ ಆದ. ಮನುಷ್ಯನ ವಿಚಾರಸರಣಿಯನ್ನು ಬೀಜಗಣಿತದಂತೆ ಬರೆಯಬಹುದೆಂದು ೧೮೪೭ರಲ್ಲಿ ಒಂದು, ೧೮೫೪ರಲ್ಲಿ ಇನ್ನೊಂದು ಪುಸ್ತಕ ಬರೆದು ಸಾಧಿಸಿದ. ಸತ್ಯಕ್ಕೆ ೧, ಅಸತ್ಯಕ್ಕೆ ೦. ಮಳೆಯಲ್ಲಿ ನಡೆದು ಕಾಲೇಜಿಗೆ ಹೋಗಿ, ಒದ್ದೆ ಬಟ್ಟೆಯಲ್ಲೇ ಪಾಠ ಹೇಳಿ, ಜ್ವರ ಹಿಡಿದು ೧೮೬೪ರಲ್ಲಿ ತೀರಿಕೊಂಡ. ನಮ್ಮ ಜಿಲ್ಲೆಯ ಮೇಷ್ಟರಿಗೆ ಆ ಗಂಡಾಂತರ ಕಡಿಮೆ. ಬೂಲನ ಹೆಂಡತಿ ಮೇರಿ, ನಮ್ಮ ದಖ್ಖನಿನ ಮೇಲೆ ಸರಪಳಿ ಎಳೆದು ನೆಲವಳೆದ ಜಾರ್ಜ್ ಎವರೆಸ್ಟನ ತಮ್ಮನ ಮಗಳು. ದೊಡ್ಡಪ್ಪ ಭಾರತದಲ್ಲಿ ಕಲಿತು ಬಂದ ವಿಚಾರಗಳು ಇಂಗ್ಲೆಂಡಿನ ಗಣಿತಜ್ಞರ ಮೇಲೂ ತನ್ನ ಗಂಡನ ಮೇಲೂ ಪರಿಣಾಮ ಮಾಡಿದವೆಂದು ಆಕೆ ೧೯೦೧ರಲ್ಲಿ ಬರೆದಳು. ಇದನ್ನು ಹಿಡಿದುಕೊಂಡು ಎಲ್ಲವೂ ನಮ್ಮಲ್ಲೇ ಇತ್ತೆಂದು ಭಾಷಣ ಬಿಗಿಯುವವರಿದ್ದಾರೆ. ನನಗೆ ಅದು ಒಬ್ಬ ವಿಧವೆಯ ಪ್ರೀತಿಯ ನಂಬಿಕೆಯಾಗಿ ಕಾಣುತ್ತದೆ. ಅಷ್ಟಕ್ಕೇ ಬಿಡುವುದು ಲೇಸು.

ಬೂಲನ ಬೀಜಗಣಿತ ಎಂಬತ್ತು ವರುಷ ಗ್ರಂಥಾಲಯದಲ್ಲೇ ಉಳಿಯಿತೆನ್ನಬಹುದು. ೧೯೩೭ರಲ್ಲಿ ಅಮೇರಿಕೆಯ ಎಂ.ಐ.ಟಿ.ಯಲ್ಲಿ ಕ್ಲಾಡ್ ಶ್ಯಾನನ್ ಎಂಬ ೨೧ ವರ್ಷದ ತರುಣ ತನ್ನ ಎಂ.ಎಸ್. ಪ್ರಬಂಧದಲ್ಲಿ, ಟೆಲಿಫೋನಿನ ರಿಲೇಗಳು, ಸ್ವಿಚ್ಚುಗಳು ಬೂಲನ ಸೂತ್ರಗಳಂತೆಯೇ ನಡೆಯುತ್ತವೆಂದು ತೋರಿಸಿದ. ಎರಡು ಸ್ವಿಚ್ಚು ಒಂದರ ಹಿಂದೊಂದು ಬಂದರೆ ‘ಇದೂ ಅದೂ’. ಪಕ್ಕಪಕ್ಕದಲ್ಲಿ ಬಂದರೆ ‘ಇದಾದರೂ ಅದಾದರೂ’. ಪ್ರಬಂಧವೆಂದರೆ ಇದು! ನಾವು ಬರೆದ ಪ್ರಬಂಧಗಳನ್ನು ನೆನೆದರೆ ನಾಚಿಕೆಯಾಗುತ್ತದೆ.

ಆಮೇಲಿನದೆಲ್ಲ ಗಡಿಬಿಡಿಯ ಚರಿತ್ರೆ. ೧೯೫೮ರ ಸೆಪ್ಟೆಂಬರಿನಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಕಂಪನಿಯ ಜ್ಯಾಕ್ ಕಿಲ್ಬಿ ಒಂದೇ ಹರಳಿನಲ್ಲಿ ಇಡೀ ಮಂಡಲವನ್ನು ಕೂಡಿಸಿದ; ಮರುವರ್ಷ ರಾಬರ್ಟ್ ನಾಯ್ಸ್ ಅದನ್ನು ಸಿಲಿಕಾನಿನ ಮೇಲೆ ಸಲೀಸಾಗಿ ಮಾಡುವ ದಾರಿ ಕಂಡ. ೧೯೬೪ರಲ್ಲಿ ಸೈನ್ಯದವರಿಗಾಗಿ ೫೪೦೦ ಎಂಬ ಚಿಪ್ಪು, ೧೯೬೬ರಲ್ಲಿ ಅದರದೇ ಅಗ್ಗದ ಪ್ಲ್ಯಾಸ್ಟಿಕ್ ಹೊದಿಕೆಯ ತಮ್ಮ ೭೪೦೦ ಬಂದವು. ಅದರೊಳಗೆ ನಾಲ್ಕು ನ್ಯಾಂಡ್ ಅಗಸಿ. ೧೯೬೮ರಲ್ಲಿ ಆರ್.ಸಿ.ಎ. ಕಂಪನಿ ೪೦೦೦ ಎಂಬ ಇನ್ನೊಂದು ಮನೆತನವನ್ನೇ ಹುಟ್ಟಿಸಿತು. ಅದರಲ್ಲಿ ೪೦೧೧ ಎಂಬುದಕ್ಕೂ ಇವೇ ನಾಲ್ಕು ಅಗಸಿ. ಆದರೆ ಸ್ವಭಾವ ಬೇರೆ. ೭೪೦೦ಕ್ಕೆ ಸರಿಯಾಗಿ ೫ ವೋಲ್ಟ್ ಬೇಕು, ಹಸಿವೂ ಹೆಚ್ಚು. ೪೦೧೧ ಮಾತ್ರ ೩ರಿಂದ ೧೫ ವೋಲ್ಟಿನವರೆಗೆ ಏನು ಕೊಟ್ಟರೂ ಉಂಡು, ಒಂದು ೯ ವೋಲ್ಟಿನ ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ಕೂಡ್ರಬಲ್ಲದು. ಹವ್ಯಾಸಿಗಳು ಇದನ್ನು ಹೊತ್ತುಕೊಂಡು ಕುಣಿದದ್ದರಲ್ಲಿ ಆಶ್ಚರ್ಯವಿಲ್ಲ. ಒಂದೇ ದೋಷವೆಂದರೆ ಅದು ಮಹಾ ನಾಜೂಕು. ಒಣ ಹವೆಯಲ್ಲಿ ಬೆರಳ ತುದಿಗೆ ಕೂಡುವ ವಿದ್ಯುತ್ತೇ ಅದನ್ನು ಕೊಲ್ಲಬಲ್ಲದು. ನಮ್ಮ ವಿಜಯಪುರದ ಹವೆಯೋ, ಕೇಳುವುದೇ ಬೇಡ.

ಕನ್ನಡ ನಾಡೂ ಹಿಂದೆ ಉಳಿದಿರಲಿಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಇಲೆಕ್ಟ್ರಾನಿಕ್ಸ್ ಕಾರಖಾನೆಯು ೧೯೬೧ರಲ್ಲಿ ರೇಡಿಯೋ ವಾಲ್ವು, ೧೯೬೨ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರು, ೧೯೬೭ರಲ್ಲಿ ಸಿಲಿಕಾನ್ ಸಾಮಗ್ರಿಗಳನ್ನೂ ಇಂಥ ಐಸಿಗಳನ್ನೂ ತಯಾರಿಸತೊಡಗಿತು. ನ್ಯಾಂಡಿನ ಚಿಪ್ಪು ಅಮೇರಿಕೆಯ ಪೇಟೆಗೆ ಬಂದ ಮರುವರ್ಷವೇ! ೧೯೬೯ರಲ್ಲಿ ದೆಹಲಿಯಿಂದ ‘ಇಲೆಕ್ಟ್ರಾನಿಕ್ಸ್ ಫಾರ್ ಯೂ’ ಎಂಬ ಮಾಸಿಕ ಹೊರಟಿತು. ಅದರಲ್ಲಿ ಬರುತ್ತಿದ್ದ ನಕಾಶೆಗಳನ್ನು ಕತ್ತರಿಸಿಟ್ಟುಕೊಂಡು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿಂದಲೋ ಬಿಡಿಭಾಗಗಳನ್ನು ತರಿಸಿ ಮನೆಯಲ್ಲಿ ಕೂಡಿಸುವುದು ಒಂದು ಪೀಳಿಗೆಯ ತರುಣರ ವ್ಯಸನವಾಯಿತು. ನಮ್ಮ ಬಬಲೇಶ್ವರದ ರಿಪೇರಿಯವರ ಕಡ್ಡಿಪೆಟ್ಟಿಗೆಯ ಚಿಪ್ಪೂ ಮುಂಬಯಿಯಿಂದಲೇ ಬಂದದ್ದು. ಲಾರಿಯವರ ಕೈಯಲ್ಲಿ ಚೀಟಿ ಕೊಟ್ಟು ತರಿಸುತ್ತಿದ್ದರು. ಈಗ ಅದರ ಬೆಲೆ ಇಬ್ಬರ ಚಹಾ-ಭಜಿಯ ಖರ್ಚಿನಷ್ಟು.

ಆದರೆ ನಕಾಶೆಯ ಕೆಳಗಿನ ವಿವರಣೆ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ವಿಜ್ಞಾನ ಬರೆಯಲಾಗದೆಂದು ಯಾರೂ ಹೇಳುವಂತಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರರೂ ೧೯೧೮ರಲ್ಲಿಯೇ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ತೆಗೆದಿದ್ದರು. ಗ್ರಹ, ನಕ್ಷತ್ರ, ರೋಗ, ಬೆಳೆಗಳ ಮೇಲೆ ಕನ್ನಡದಲ್ಲಿ ಬಂದಷ್ಟು ಬರವಣಿಗೆ ಬೆಸುಗೆಯ ಕಡ್ಡಿ ಹಿಡಿದವನಿಗಾಗಿ ಬರಲಿಲ್ಲವೆಂಬುದೇ ನನ್ನ ಕೊರಗು.

ಹುಡುಗರೊಡನೆ ವಿವರಣೆ ಬರೆಯುತ್ತ ಕುಳಿತಾಗ ನನಗೆ ಹೊಳೆದದ್ದನ್ನು ಹೇಳಿಬಿಡುತ್ತೇನೆ. ಕೇಶಿರಾಜನ ಅವ್ಯಯಪ್ರಕರಣವೆಂದರೆ ತರಗತಿಯಲ್ಲಿ ಆಕಳಿಕೆಯ ಗಾಳಿ ಬೀಸುತ್ತದೆ. ಆದರೆ ಆ ಚಿಪ್ಪಿನ ವ್ಯವಹಾರವೆಲ್ಲ ನಮ್ಮ ಅವ್ಯಯಗಳ ವ್ಯವಹಾರವೇ. ‘ಅವ್ವನೂ ಅಪ್ಪನೂ ಒಪ್ಪಿದರೆ ಹೋಗುತ್ತೇನೆ’ ಎಂಬಲ್ಲಿ ಎರಡು ಊಕಾರಗಳು ಕೂತು ಆ್ಯಂಡ್ ಆಗುತ್ತವೆ. ‘ಅವ್ವನಾದರೂ ಅಪ್ಪನಾದರೂ ಬರಲಿ’ ಎಂದರೆ ಆರ್. ಇಬ್ಬರೂ ಬಂದರೆ ತಕರಾರಿಲ್ಲ. ‘ಚಹಾನೋ ಕಾಫಿಯೋ?’ ಎಂದು ಕೇಳಿದಾಗ ಮಾತ್ರ ಎರಡನ್ನೂ ಬೇಡುವವನು ಲಜ್ಜೆಗೆಟ್ಟವನು, ಒಂದೇ ಆಗಬೇಕು. ಇಂಗ್ಲಿಷಿನವರಿಗೆ ಈ ಎರಡಕ್ಕೂ ಒಂದೇ ‘ಆರ್’ ಇದ್ದುದರಿಂದ ಎರಡನೆಯದಕ್ಕೆ ‘ಎಕ್ಸ್‌ಕ್ಲೂಸಿವ್ ಆರ್’ ಎಂದು ಬಾಲ ಕಟ್ಟಬೇಕಾಯಿತು. ನಮ್ಮ ಅಜ್ಜಿಯರು ‘ಆದರೂ’, ‘ಓ’ ಎಂಬೆರಡು ತುಣುಕುಗಳಲ್ಲಿ ಅದನ್ನು ಮಾಡಿ ಮುಗಿಸಿದ್ದರು.

ಆ ಎರಡನೆಯ ಬಗೆ ಪುಸ್ತಕದ ಮಾತೆಂದು ತಿಳಿಯಬೇಡಿ. ಮಹಡಿಯ ಮನೆಯವರೆಲ್ಲರ ಮೆಟ್ಟಿಲ ದೀಪ ಅದೇ. ಕೆಳಗೊಂದು, ಮೇಲೊಂದು ಸ್ವಿಚ್ಚು. ಯಾವುದನ್ನು ಮುಟ್ಟಿದರೂ ದೀಪದ ಸ್ಥಿತಿ ಬದಲಾಗುತ್ತದೆ. ಇದನ್ನು ಅಗಸಿಗಳಿಂದ ಮಾಡಹೋದರೆ ಎಷ್ಟು ನ್ಯಾಂಡ್ ಬೇಕು ಗೊತ್ತೇ? ಸರಿಯಾಗಿ ನಾಲ್ಕು, ಅಂದರೆ ಒಂದು ಚಿಪ್ಪು. ಬಬಲೇಶ್ವರದ ಹುಡುಗಿ ನನ್ನ ಮೇಜಿನ ಮೇಲೆಯೇ ನಾಲ್ಕೂ ಅಗಸಿಗಳನ್ನು ಜೋಡಿಸಿ, ಎರಡು ತಂತಿಗಳನ್ನು ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ತಾಗಿಸಿ, ಕೆಂಪು ದೀಪವನ್ನು ಹತ್ತಿಸಿ ಆರಿಸಿ ತೋರಿಸಿದಳು. ಇಪ್ಪತ್ತೆಂಟು ವರ್ಷ ತಡವಾಗಿ ಆ ಪಂಚಾಯಿತಿಯನ್ನು ನಾನು ಕಂಡೆ.

ಹವ್ಯಾಸಿಗಳು ಈ ಚಿಪ್ಪಿನಿಂದ ಮಾಡುವ ಆಟಿಕೆಗಳಿಗೆ ಲೆಕ್ಕವಿಲ್ಲ. ಎರಡು ಅಗಸಿ, ಒಂದು ರೆಸಿಸ್ಟರು, ಒಂದು ಕೆಪ್ಯಾಸಿಟರು ಕೂಡಿದರೆ ದೀಪ ಮಿಣುಕುತ್ತದೆ ಅಥವಾ ಪೀಪಿ ಊದುತ್ತದೆ. ಬೆರಳು ತಾಗಿದರೆ ಕೂಗುವ ಗಂಟೆ, ಬಾಗಿಲು ತೆರೆದರೆ ಅರಚುವ ಕಾವಲು. ಆದರೆ ತಿಕೋಟಾದ ಹುಡುಗನ ಹಲಗೆ ಆಟಿಕೆಯಲ್ಲ. ಅದು ನೀರಿನ ಹಲಗೆ. ನಮ್ಮ ನೆಲದಲ್ಲಿ ನೀರಿಗಿಂತ ದೊಡ್ಡ ಮಾತು ಯಾವುದಿದೆ?

ವಿಜಯಪುರದಿಂದ ಅಥಣಿಯ ರಸ್ತೆ ಹಿಡಿದು ತಿಕೋಟಾಕ್ಕೆ ಹೊರಟರೆ ಮೊದಲು ಸಿಕ್ಕುವುದು ತೊರವಿ, ಕುಮಾರ ವಾಲ್ಮೀಕಿಯ ತೊರವೆ. ಆದಿಲಶಾಹಿಯ ಕಾಲದಲ್ಲಿ ಪಟ್ಟಣಕ್ಕೆ ನೆಲದಡಿಯ ಕಾಲುವೆಯಿಂದ ನೀರು ಬರುತ್ತಿದ್ದುದು ಈ ಕಡೆಯಿಂದ. ೧೬೫೧ರಲ್ಲಿ ಮಹಮ್ಮದ ಆದಿಲಶಹ ದಕ್ಷಿಣಕ್ಕೆ ಬೇಗಂ ತಲಾಬನ್ನು ಕಟ್ಟಿಸಿ ಅಲ್ಲಿಂದಲೂ ಮಣ್ಣಿನ ಕೊಳವೆಗಳಲ್ಲಿ ನೀರು ತಂದ. ದಾರಿಯಲ್ಲಿ ಅಲ್ಲಲ್ಲಿ ಕಲ್ಲಿನ ನೀರಗೋಪುರಗಳು. ನೀರು ಒಂದು ಬದಿಯಿಂದ ಅದರ ನೆತ್ತಿಗೇರಿ, ಇನ್ನೊಂದು ಬದಿಯಿಂದ ಇಳಿದು ಮುಂದೆ ಹೋಗಬೇಕು. ಕೊಳವೆಯೊಡೆಯುವಷ್ಟು ಒತ್ತಡ ಅಲ್ಲಿಯೇ ತಗ್ಗುತ್ತಿತ್ತು, ಕೆಸರು ಅಲ್ಲಿಯೇ ಕೂಡುತ್ತಿತ್ತು. ಯಾವ ಮನುಷ್ಯನೂ ರಾತ್ರಿಯೆಲ್ಲ ಕಾದು ಕೂಡ್ರಬೇಕಾಗಿರಲಿಲ್ಲ. ಕೆಲವು ಗೋಪುರಗಳು ಇಂದಿಗೂ ಮನೆಗಳ ನಡುವೆ ನಿಂತಿವೆ.

ಕಾದು ಕೂಡ್ರುವವನು ಇಂದು ತಿಕೋಟಾದ ರೈತ. ತ್ರೀ ಫೇಸ್ ಕರೆಂಟು ಎಷ್ಟೋ ದಿನ ರಾತ್ರಿಯೇ ಬರುತ್ತದೆ. ಹುಡುಗನ ತಂದೆ ಕಂದೀಲಿನ ಜಾಗಕ್ಕೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ, ಬಾವಿಯ ಮೋಟರು ಹಚ್ಚಿ, ಟಾಕಿ ತುಂಬುವವರೆಗೆ ದ್ರಾಕ್ಷಿ ಪಡದ ಬದುವಿನ ಮೇಲೆ ಕೂಡ್ರಬೇಕು. ಒಂದು ರಾತ್ರಿ ನಿದ್ದೆ ಹತ್ತಿತು. ಬಾವಿ ಬರಿದಾಗಿ ಮೋಟರು ಸುಟ್ಟಿತು. ಅದನ್ನು ಮತ್ತೆ ಸುತ್ತಿಸಲು ಕೊಟ್ಟ ಹಣದಲ್ಲಿ ಹುಡುಗನ ಆ ವರ್ಷದ ಫೀಸೂ ಸೇರಿತ್ತು.

ಅವನ ಕಾಗದದ ಮೇಲೆ ಕನ್ನಡದಲ್ಲಿ ಬರೆದದ್ದು ಇಷ್ಟು: ಟಾಕಿ ಕೆಳಗಿನ ಗುರುತಿಗಿಂತ ಇಳಿದರೆ ಮೋಟರು ಹತ್ತಬೇಕು, ಮೇಲಿನ ಗುರುತು ಮುಟ್ಟಿದರೆ ನಿಲ್ಲಬೇಕು, ನಡುವೆ ಇದ್ದರೆ ಮೊದಲು ಏನು ನಡೆದಿತ್ತೋ ಅದೇ ನಡೆಯಬೇಕು, ಬಾವಿಯಲ್ಲಿ ನೀರಿಲ್ಲದಿದ್ದರೆ ಎಂದಿಗೂ ಹತ್ತಕೂಡದು. ‘ಮೊದಲು ಏನು ನಡೆದಿತ್ತೋ’ ಎಂಬುದಕ್ಕೆ ನೆನಪು ಬೇಕಲ್ಲ? ಎರಡು ನ್ಯಾಂಡ್‌ಗಳ ಬಾಯಿಯನ್ನು ಒಂದರ ಕಿವಿಗೊಂದು ಅಡ್ಡಡ್ಡ ಕಟ್ಟಿದರೆ ಅವು ಪರಸ್ಪರ ಹಿಡಿದುಕೊಂಡು, ಕೊನೆಗೆ ಹೇಳಿದ ಮಾತನ್ನೇ ಹೇಳುತ್ತ ನಿಲ್ಲುತ್ತವೆ. ಗಣಕಯಂತ್ರದ ನೆನಪಿನ ಬೀಜವೂ ಇದೇ. ಎರಡು ಅಗಸಿ ಹೀಗೆ ಹೋದವು. ಮೇಲಿನ ಗುರುತಿನ ‘ಇದೆ’ಯನ್ನು ‘ಇಲ್ಲ’ ಮಾಡಲು ಒಂದು. ನೆನಪಿನ ಮಾತನ್ನೂ ಬಾವಿಯ ಮಾತನ್ನೂ ಕೂಡಿಸಲು ನಾಲ್ಕನೆಯದು. ಅದು ‘ಇಲ್ಲ’ ಎಂದಾಗ ಒಂದು ಟ್ರಾನ್ಸಿಸ್ಟರು ಕೂಡಿ, ರಿಲೇ ಎಳೆದು, ಸ್ಟಾರ್ಟರು ಹತ್ತುತ್ತದೆ. ಸ್ಟಾರ್ಟರಿನ ಕಡೆಯ ತಂತಿಯನ್ನು ಮಾತ್ರ ಊರಿನ ವಾಯರಮನ್ ಜೋಡಿಸಿಕೊಟ್ಟ. ಆ ಕರೆಂಟಿನೊಡನೆ ಹವ್ಯಾಸ ಸಲ್ಲದು. ನೋಡಿ, ನಾಲ್ಕೇ ಅಗಸಿ, ಒಂದೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ.

ಮೊದಲ ದಿನ ಅದು ನಡೆಯಲಿಲ್ಲ. ಟಾಕಿಯಲ್ಲಿ ನೀರಿಲ್ಲದಿದ್ದರೂ ತುಂಬಿದೆ ಎಂದಿತು. ಕೈ ಹತ್ತಿರ ಒಯ್ದರೆ ಮಾತು ಬದಲಿಸಿತು. ಹುಡುಗ ಹೆದರಿದ. ತಂತಿ ನೀರಿನಲ್ಲಿಲ್ಲದಾಗ ಚಿಪ್ಪಿನ ಆ ಕಾಲು ಎಲ್ಲಿಗೂ ಸೇರದೆ ಗಾಳಿಯಲ್ಲಿ ತೂಗುತ್ತಿತ್ತು. ಹೌದೂ ಅಲ್ಲ, ಅಲ್ಲವೂ ಅಲ್ಲ ಎಂಬ ತ್ರಿಶಂಕು ಸ್ಥಿತಿ. ಹತ್ತು ಲಕ್ಷ ಓಮಿನ ಒಂದು ರೆಸಿಸ್ಟರಿನಿಂದ ಅದನ್ನು ನೆಲಕ್ಕೆ ಕಟ್ಟಿದರೆ, ಬೇರೆ ಯಾರೂ ಹೇಳದಿದ್ದಾಗ ‘ಇಲ್ಲ’ ಎನ್ನುವ ಶಿಸ್ತು ಅದಕ್ಕೆ ಬರುತ್ತದೆ. ಇದನ್ನು ಕಂಡುಹಿಡಿದವಳು ಬಬಲೇಶ್ವರದವಳು.

ಪ್ರದರ್ಶನದಲ್ಲಿ ಬಹುಮಾನ ಬರಲಿಲ್ಲ. ಪರೀಕ್ಷಕರೊಬ್ಬರು, ಈ ಕಾಲದಲ್ಲಿ ಇದನ್ನೆಲ್ಲ ಒಂದು ಮೈಕ್ರೋಕಂಟ್ರೋಲರಿಗೆ ನಾಲ್ಕು ಸಾಲು ಬರೆದು ಮಾಡಿಸಬಹುದಲ್ಲ ಎಂದರಂತೆ. ಅವರ ಮಾತು ಸುಳ್ಳಲ್ಲ. ಆದರೆ ಆ ನಾಲ್ಕು ಸಾಲು ಯಾವ ಭಾಷೆಯಲ್ಲಿರುತ್ತವೆ, ಅವನ್ನು ಬರೆಯುವವನು ಮೊದಲು ಯಾವ ಭಾಷೆಯಲ್ಲಿ ಯೋಚಿಸಿರಬೇಕು ಎಂದು ನಾನಿದ್ದಿದ್ದರೆ ಕೇಳುತ್ತಿದ್ದೆ. ‘ಅಗಸಿ’ ಎಂಬ ಶಬ್ದದ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು. ಅದರ ಎದುರಿಗೆ ನಿಂತ ಹಳ್ಳಿಯವರು ಮಾತ್ರ ಓದಿ, ತಲೆದೂಗಿ, ಟಾಕಿಯ ತಂತಿ ಎಷ್ಟು ಉದ್ದ ಇರಬೇಕೆಂದು ಕೇಳಿದರಂತೆ. ಹುಡುಗ ನಪಾಸಾಗಿದ್ದ ಪತ್ರಿಕೆಯನ್ನು ಆ ಸಲ ಪಾಸು ಮಾಡಿಕೊಂಡ.

ದೀಪಾವಳಿಯ ರಜೆಯಲ್ಲಿ ತಿಕೋಟಾಕ್ಕೆ ಹೋಗಿದ್ದೆ. ಸವುಳು ನೀರಿನಲ್ಲಿ ತಾಮ್ರದ ತಂತಿಗಳು ತಿಂಗಳೊಳಗೆ ಹಸಿರಾಗಿ ಕಿತ್ತುಹೋಗಿದ್ದವು. ಅವುಗಳ ಜಾಗದಲ್ಲಿ ಸ್ಟೀಲಿನ ಚಮಚೆಗಳು ತೂಗುತ್ತಿದ್ದವು. ಅಡುಗೆಮನೆಯಿಂದ ಹೋದ ಚಮಚೆಗಳ ಲೆಕ್ಕವನ್ನು ಅವನ ತಾಯಿ ನನಗೆ ಒಪ್ಪಿಸಿದರು. ಮೋಟರು ಈಗ ತಾನೇ ಹತ್ತಿ ತಾನೇ ನಿಲ್ಲುತ್ತದೆ.

“ಹಂಗಾದ್ರ ಈಗ ರಾತ್ರಿ ನಿದ್ದಿ ಮಾಡ್ತೀರಿ ಅನ್ರಿ,” ಎಂದೆ ಅವನ ತಂದೆಗೆ.

“ಎಲ್ಲೀದ್ರಿ ಸರ್,” ಎಂದರು ಅವರು. “ನಿಂತೈತೋ ಇಲ್ಲೋ ಅಂತ ನೋಡಾಕ ಹೋಗಬೇಕಲ್ರಿ!”